ಅಪ್ಪನ ತಲೆಯ ಅಳತೆ

ಇದು ಆಗದ ಕೆಲಸ ಎಂದು ಮೊದಲು ಹೇಳಿದವಳು ನಮ್ಮವ್ವ. ಸಂತೆಕಲ್ಲೂರಿನ ಮನೆಯ ಪಡಸಾಲೆಯಲ್ಲಿ ಕೂತು ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದಳು. ಬೇಳೆಯೊಳಗಿನ ಕಲ್ಲೊಂದನ್ನು ಅಂಗಳಕ್ಕೆ ಎಸೆದಷ್ಟೇ ಸಲೀಸಾಗಿ ಹೇಳಿದಳು: "ಕಾಗದದ ಟೊಪಗಿ ಮಾಡಿ ನಿಮ್ಮಪ್ಪನ್ನ ಕುಣಸ್ತೀಯೇನು? ಆಗಂಗಿಲ್ಲ ಬಿಡು." ಆಮೇಲೆ ಇನ್ನೂ ಕೆಲವರು ಹೇಳಿದರು. ಆಟದ ಮಾಸ್ತರು ಹೇಳಿದರು, ಝೆರಾಕ್ಸ್ ಅಂಗಡಿಯವನು ಬಾಯಿ ಬಿಡದೆ ಮುಖದಲ್ಲೇ ಹೇಳಿದ, ನನ್ನ ಎರಡು ಕೈಗಳೂ ಆಗಾಗ ಹೇಳಿದವು. ಅವರದೆಲ್ಲ ಬರೀ ಅನುಮಾನ. ಅವ್ವನದು ತೀರ್ಪು.

ನಾನು ಸಿಂಧನೂರಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಬಿ.ಎಸ್ಸಿ. ಓದಿದವಳು. ಅಪ್ಪನ ಕಡೆ, ಅವ್ವನ ಕಡೆ, ಎರಡೂ ಕಡೆ ಎಷ್ಟು ತಲೆಮಾರು ಹಿಂದೆ ಹೋಗಿ ಎಣಿಸಿದರೂ ಪದವಿ ಮುಗಿಸಿದ ಮೊದಲ ಜೀವ ನಾನೇ. ಈ ಸಂಗತಿಯನ್ನು ಯಾವ ಮಾತಿನ ನಡುವೆಯಾದರೂ ತೂರಿಸುವುದು ನನ್ನ ಚಟ. ಈಗ ತೂರಿಸಿದೆನಲ್ಲ, ಹಾಗೆ. ದಿನಾ ಬೆಳಿಗ್ಗೆ ಲಿಂಗಸುಗೂರಿಗೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ, ರಜೆ ಬಂತೆಂದರೆ ಅವ್ವನ ಜೊತೆ ಗೊರೇಬಾಳ, ವಳಕಮದಿನ್ನಿಯ ಗದ್ದೆಗಳಲ್ಲಿ ಮೊಣಕಾಲ ಮಟ ಕಾಲುವೆ ನೀರಲ್ಲಿ ಬಗ್ಗಿ ಭತ್ತದ ಸಸಿ ನೆಟ್ಟು, ರಸಾಯನಶಾಸ್ತ್ರದಲ್ಲಿ ಒಂದು ಸಲ ನಪಾಸಾಗಿ, ಮತ್ತೆ ಬರೆದು ಗಳಿಸಿದ ಡಿಗ್ರಿ ಅದು. ಬಿಸಿಲಲ್ಲಿ ದುಡಿದು ಕೊಂಡ ಬಳೆಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಳ್ಳುವವರು ಯಾರು? ನಾಲ್ಕು ಜನರ ಮುಂದೆ ಕೈ ಆಡಿಸಿಯೇ ಮಾತಾಡುತ್ತಾರೆ. ನಾನೂ ಅಷ್ಟೆ.

ಅಪ್ಪನದು ಕುರಿ ಕಾಯುವ ಕಸುಬು. ಅದು ಹಗಲಿನ ಮಾತು. ನಮ್ಮೂರ ದೊಡ್ಡಾಟದ ಮೇಳದಲ್ಲಿ ಮೂವತ್ತು ವರ್ಷದಿಂದ ಅವನು ರಕ್ಕಸರ ರಾಜ. ಮನೆಯಲ್ಲಿ ಅವನ ಬಾಯಿಂದ ದಿನಕ್ಕೆ ಹತ್ತು ಮಾತು ಬಂದರೆ ಅದು ಸುಗ್ಗಿ. ಬಣ್ಣ ಹಚ್ಚಿ ಪರದೆಯ ಹಿಂದಿನಿಂದ ಒಮ್ಮೆ ಅಬ್ಬರಿಸಿದನೆಂದರೆ ಮುಂದೆ ಕೂತ ಮಕ್ಕಳು ತಾಯಿಯ ಸೆರಗು ಹುಡುಕುತ್ತಿದ್ದವು. ಆ ಮಕ್ಕಳಲ್ಲಿ ನಾನೂ ಒಬ್ಬಳಾಗಿದ್ದೆ. ವೇಷದ ಒಳಗಿರುವುದು ನಮ್ಮಪ್ಪ ಎಂದು ಗೊತ್ತಿದ್ದೂ ಹೆದರುವುದರಲ್ಲಿ ಒಂದು ಸುಖವಿತ್ತು.

ಮೇಳದ ರಕ್ಕಸನ ಕಿರೀಟ ಹಳೆಯ ಕಾಲದ್ದು. ಮರದ್ದು. ಅದರ ಮೇಲೆ ತಗಡು, ತಗಡಿನ ಮೇಲೆ ಗಾಜಿನ ಚೂರು, ಪ್ರತಿ ತಲೆಮಾರಿನವರೂ ಭಕ್ತಿಯಿಂದ ಬಳಿದ ಬಣ್ಣದ ಪದರು. ಅದನ್ನು ಎತ್ತಿ ಇಡಲು ಇಬ್ಬರು ಬೇಕು, ಹೊರಲು ಒಬ್ಬನೇ. ಹೋದ ವರ್ಷ ಆಟ ಮುಗಿದ ಮೇಲೆ ಅಪ್ಪನ ಕುತ್ತಿಗೆ ತಿರುಗಲಿಲ್ಲ. ಸಂಜೆ ಹಟ್ಟಿಯಲ್ಲಿ ಕುರಿ ಎಣಿಸುವಾಗ ಇಡೀ ಮೈಯನ್ನೇ ಆ ಕಡೆ ಈ ಕಡೆ ತಿರುಗಿಸುತ್ತಿದ್ದ. ಲಿಂಗಸುಗೂರಿನ ಡಾಕ್ಟರರು ಎಕ್ಸ್‌ರೇ ಚಿತ್ರ ತೆಗೆಸಿ ನೋಡಿ, ಕುತ್ತಿಗೆಯ ಎಲುಬು ಸವೆದಿದೆ, ಇನ್ನು ಮೇಲೆ ತಲೆಯ ಮೇಲೆ ಭಾರ ಹೊರುವುದನ್ನು ಬಿಡಬೇಕು ಎಂದರು. ಅಪ್ಪ ತಲೆ ಆಡಿಸಲಿಲ್ಲ, ಆಡಿಸಲು ಬರುತ್ತಿರಲಿಲ್ಲ. "ಹೂಂ" ಎಂದ.

ಅದಾದ ಮೇಲೆ ಗುಡಿಯ ಕಟ್ಟೆಯ ಮೇಲೆ ಮೇಳದವರು ತಾಲೀಮು ಶುರು ಮಾಡಿದರು. ಮಸ್ಕಿಯಲ್ಲಿ ಕಲಾವಿದರನ್ನೆಲ್ಲ ಸೇರಿಸಿ ಒಂದು ಸಂಜೆಯ ಕಾರ್ಯಕ್ರಮವಿತ್ತು, ನಮ್ಮೂರವರಿಗೆ ಒಂದು ತಾಸಿನ ಆಟಕ್ಕೆ ಕರೆ ಬಂದಿತ್ತು. ಅಪ್ಪ ದಿನಾ ಸಂಜೆ ಹೋಗಿ ಕಟ್ಟೆಗೆ ಬೆನ್ನು ಮಾಡಿ ಕೂಡುತ್ತಿದ್ದ. ಯಾರನ್ನೂ ನೋಡುತ್ತಿರಲಿಲ್ಲ. ಆದರೆ ಚಪ್ಪಲಿ ಬಿಟ್ಟ ಬಲಗಾಲಿನ ಹೆಬ್ಬೆರಳು ಮದ್ದಳೆಯ ಪೆಟ್ಟಿಗೆ ಸರಿಯಾಗಿ ನೆಲ ಮುಟ್ಟುತ್ತಿತ್ತು. ಊರಿಗೆ ಹೋದಾಗ ನಾನು ಆ ಹೆಬ್ಬೆರಳನ್ನು ನೋಡಿದೆ. ನೋಡಬಾರದಿತ್ತೇನೋ. ಮರುದಿನವೇ ಆಟದ ಮಾಸ್ತರ ಬಳಿ ಹೋಗಿ, ಅಪ್ಪನಿಗೆ ಹಗುರಾದ ತಲೆ ನಾನು ಮಾಡಿಕೊಡುತ್ತೇನೆ, ಪಾತ್ರ ಬೇರೆಯವರಿಗೆ ಕೊಡಬೇಡಿ ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಇದು ಬಿ.ಎಸ್ಸಿ.ಯಲ್ಲಿ ಬರುವ ಪಾಠವೇ ಎಂದು ಕೇಳಿದರು. ಆಟಕ್ಕೆ ಹತ್ತು ದಿನ ಉಳಿಯುವವರೆಗೆ ಕಾಯುತ್ತೇನೆ, ಅಷ್ಟರೊಳಗೆ ಬಾರದಿದ್ದರೆ ಇನ್ನೊಬ್ಬನಿಗೆ ಬಣ್ಣ ಹಚ್ಚುತ್ತೇನೆ ಎಂದರು. "ತಲಿ ಬಂದರ ರಕ್ಕಸ ಬರ್ತಾನ್ ನೋಡವಾ, ಇಲ್ಲಾಂದ್ರ ಇಲ್ಲ."

ಮಾಸ್ತರನ್ನು ಒಪ್ಪಿಸಿದ್ದು ಸುಲಭವಾಯಿತು. ಮೊದಲೇ ಆಗಂಗಿಲ್ಲ ಎಂದಿದ್ದ ಅವ್ವನನ್ನು ಒಪ್ಪಿಸಲು ಮತ್ತೆ ಕೂತಾಗ ಅವಳು ಬೇಳೆಯ ಮೊರದಿಂದ ಕಣ್ಣೆತ್ತದೆ ಒಂದು ಮಾತು ಹೇಳಿದಳು. ಅದು ಇವತ್ತಿಗೂ ನನ್ನ ಕಿವಿಯಲ್ಲಿ ಕೂತಿದೆ.

"ನಾ ಹೊತ್ತದ್ದು ಹೊಟ್ಟಿ ಸಲುವಾಗಿ. ಅವ ಹೊತ್ತದ್ದು ಚೆಂದದ ಸಲುವಾಗಿ. ಹೊಟ್ಟಿ ಸಲುವಾಗಿ ಕುತ್ತಿಗಿ ಮುರಕೊಂಡ್ರ ಒಂದು ಅರ್ಥ ಐತಿ."

ಅವ್ವ ಎಷ್ಟು ಹೊತ್ತಿದ್ದಾಳೆ ಎಂಬುದನ್ನು ನಾನು ಯಾವತ್ತೂ ಲೆಕ್ಕ ಹಾಕಿರಲಿಲ್ಲ. ನೀರಿನ ಕೊಡ, ಕಟ್ಟಿಗೆ, ಸಜ್ಜೆಯ ತೆನೆಯ ಗಂಟು, ನಮ್ಮ ಮನೆ ಕಟ್ಟುವಾಗ ಕಲ್ಲು. ಅವಳ ಕುತ್ತಿಗೆಯ ಚಿತ್ರ ಯಾವ ಡಾಕ್ಟರೂ ತೆಗೆಸಿಲ್ಲ. ಅವಳ ತಲೆಯ ಭಾರ ಹಗುರ ಮಾಡುತ್ತೇನೆಂದು ಯಾವ ಪದವೀಧರೆಯೂ ಮಾಸ್ತರ ಬಳಿ ಹೋಗಿಲ್ಲ. ನನ್ನ ಮುಖ ನೋಡಿ ಅವಳಿಗೇ ಅಯ್ಯೋ ಅನಿಸಿರಬೇಕು. ಎರಡು ಷರತ್ತು ಇಟ್ಟಳು. ತಲೆಗೆ ಇಡುವ ವಸ್ತು ಒಂದು ಸೇರು ಜೋಳಕ್ಕಿಂತ ಒಂದು ಕಾಳೂ ಹೆಚ್ಚು ತೂಗಬಾರದು. ಅದನ್ನು ನೋಡಿ ಡಾಕ್ಟರು ಹೂಂ ಎನ್ನಬೇಕು. ಎರಡೂ ಆದರೆ ಆಗ ನೋಡೋಣ. ಆಗಲೂ ಅವಳು ಹೂಂ ಎನ್ನುವುದಾಗಿ ಹೇಳಲಿಲ್ಲ, ನೋಡುವುದಾಗಿ ಮಾತ್ರ ಹೇಳಿದಳು.

ತಲೆ ಎಂಬ ಅವಯವದ ಬಗ್ಗೆ ನಾವು ಓದಿದವರು ಬಹಳ ಎತ್ತರದ ಮಾತಾಡುತ್ತೇವೆ. ಬುದ್ಧಿಯ ಮನೆ, ವಿಚಾರದ ಗೂಡು. ನಮ್ಮ ಕಡೆಯ ಸತ್ಯ ಬೇರೆ. ನಮ್ಮಲ್ಲಿ ತಲೆ ಮೊದಲು ಒಂದು ಚಪ್ಪಟೆ ಜಾಗ. ಅದರ ಮೇಲೆ ಸಿಂಬಿ ಇಟ್ಟು ಏನನ್ನಾದರೂ ಹೊರಬಹುದು. ಉಳಿದ ಹೊತ್ತಿನಲ್ಲಿ ಗಂಡಸರು ಅದಕ್ಕೆ ರುಮಾಲು ಸುತ್ತುತ್ತಾರೆ, ಹೆಂಗಸರು ಸೆರಗು ಹೊದೆಸುತ್ತಾರೆ. ಬರಿದಾಗಿ ಬಿಡುವ ರೂಢಿ ಇಲ್ಲ. ಇಷ್ಟೆಲ್ಲ ಹೊದೆಸಿ ಕಾಪಾಡುವ ನಾವು ಮೋಟಾರ್ ಸೈಕಲ್ಲಿನ ಹೆಲ್ಮೆಟ್ಟನ್ನು ಮಾತ್ರ ಮೊಣಕೈಗೆ ಹಾಕಿಕೊಳ್ಳುತ್ತೇವೆ. ಸಿಂಧನೂರಿನ ಸರ್ಕಲ್ಲಿನಲ್ಲಿ ನಿಂತು ನೋಡಿದರೆ ಈ ತಾಲ್ಲೂಕಿನ ಜನಕ್ಕೆ ಮಿದುಳು ಮೊಣಕೈಯಲ್ಲಿ ಇದೆಯೆಂದು ಯಾರಾದರೂ ತಿಳಿಯಬೇಕು.

ಹೆಲ್ಮೆಟ್ಟಿನ ಮಾತು ಸುಮ್ಮನೆ ಬರಲಿಲ್ಲ. ನಾನು ಮೊದಲು ಕಿರೀಟವನ್ನೇ ಮಾಡಬೇಕೆಂದಿದ್ದೆ. ಮೊಬೈಲಿನಲ್ಲಿ ಹುಡುಕಿದರೆ ಸಿಕ್ಕಿದ್ದು ಬೇರೆಯೇ ಲೋಕ. ಎಲ್ಲೆಲ್ಲಿಯದೋ ಜನ ದಪ್ಪ ಕಾಗದವನ್ನು ನಕ್ಷೆಯ ಪ್ರಕಾರ ಕತ್ತರಿಸಿ, ಮಡಚಿ, ಅಂಟಿಸಿ, ತಲೆ ಪೂರ್ತಿ ಮುಚ್ಚುವ ಯೋಧರ ಶಿರಸ್ತ್ರಾಣ ಕಟ್ಟುತ್ತಾರೆ. ಅದಕ್ಕೆ ರೆಸಿನ್ ಎಂಬ ಅಂಟುದ್ರವ ಬಳಿದು ಗಟ್ಟಿ ಮಾಡುತ್ತಾರೆ. ಮೇಲೆ ಕಾರಿನ ತಗ್ಗು ತುಂಬುವ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆಯುತ್ತಾರೆ. ಮುಗಿದ ಮೇಲೆ ಅದು ಕಬ್ಬಿಣದ್ದಲ್ಲ ಎಂದರೆ ನಂಬುವುದು ಕಷ್ಟ. ನನ್ನೊಳಗಿನ ವಿಜ್ಞಾನದ ಟೀಚರು ಎದ್ದು ಕೂತಳು. ಕಿರೀಟದ ಭಾರ ನೆತ್ತಿಯ ಮೇಲೆ ಒಂದೇ ಕಡೆ ಬೀಳುತ್ತದೆ. ಶಿರಸ್ತ್ರಾಣ ತಲೆಯನ್ನು ಸುತ್ತಲೂ ತಬ್ಬಿಕೊಳ್ಳುತ್ತದೆ, ಭಾರ ಹಂಚಿಹೋಗುತ್ತದೆ. ಹಾಗಾಗಿ ನಮ್ಮ ರಕ್ಕಸ ಮೂವತ್ತು ವರ್ಷದಲ್ಲಿ ಮೊದಲ ಬಾರಿ ಶಿರಸ್ತ್ರಾಣ ತೊಡುವುದೆಂದು ನಾನೊಬ್ಬಳೇ ಕೂತು ಠರಾವು ಮಾಡಿದೆ. ಹಾಡಬೇಕು, ಮಾತಾಡಬೇಕು, ಅದಕ್ಕೆ ಬಾಯಿ ಗದ್ದ ತೆರೆದಿರಲಿ. ಮೂಗಿನವರೆಗೆ ಮುಚ್ಚಲಿ. ಕಣ್ಣಿಗೆ ಎರಡು ಸೀಳು.

ನಕ್ಷೆಯನ್ನು ತಿದ್ದಿ, ಕೋರೆಹಲ್ಲು ಸೇರಿಸಿ ಝೆರಾಕ್ಸ್ ಅಂಗಡಿಗೆ ಒಯ್ದೆ. ಅಂಗಡಿಯವನು ಹಾಳೆಗಳನ್ನು ತಿರುವಿ ತಿರುವಿ ನೋಡಿ, ಯಾವೂರ ಹೊಲ, ಪಾಲು ಬಹಳ ಆಗ್ಯಾವಲ್ಲ ಎಂದು ಮರುಗಿದ. ತಲೆಯದು ಎಂದೆ. ಅವನು ನನ್ನ ತಲೆಯನ್ನೊಮ್ಮೆ ನೋಡಿ ಮಷಿನ್ನಿನ ಕಡೆ ತಿರುಗಿದ.

ಕಾಗದಕ್ಕೆ ನಾನು ಅಂಗಡಿಗೆ ಹೋಗಬೇಕಾಗಿರಲಿಲ್ಲ. ನಮ್ಮ ಭಾಗದಲ್ಲಿ ಲಗ್ನಪತ್ರಿಕೆಗಳು ರಟ್ಟಿಗಿಂತ ಗಟ್ಟಿ. ಕಾಲುವೆ ನೀರು ಹರಿದ ಊರುಗಳಲ್ಲಿ ಭತ್ತದ ಬೆಳೆ ದಪ್ಪವಾದಷ್ಟೂ ಲಗ್ನಪತ್ರಿಕೆ ದಪ್ಪವಾಗುತ್ತ ಬಂದಿದೆ. ದೇವರ ಚಿತ್ರವಿರುವುದನ್ನು ಬಿಸಾಡಲು ಮನಸ್ಸಾಗದೆ ಎಲ್ಲರ ಮನೆಯಲ್ಲೂ ಕಪಾಟಿನ ಮೇಲೆ ಒಂದು ಅಟ್ಟಿ ಬಿದ್ದಿರುತ್ತದೆ. ಮುಖಪುಟದ ದೇವರುಗಳನ್ನು ಕತ್ತರಿಸಿ ಬೇರೆ ತೆಗೆದಿಟ್ಟು, ಉಳಿದದ್ದನ್ನೆಲ್ಲ ರಕ್ಕಸನಿಗೆ ಬಳಸಿದೆ. ಶಿರಸ್ತ್ರಾಣ ಆಕಾರಕ್ಕೆ ಬಂದಾಗ ಒಳಗೆ ಇಣುಕಿದರೆ ಹಣೆಯ ಜಾಗದಲ್ಲಿ ಚಿರಂಜೀವಿ ಇಂಥವನು, ಕಿವಿಯ ಜಾಗದಲ್ಲಿ ಕುಂಕುಮಶೋಭಿತೆ ಇಂಥವಳು, ಹಿಂದಲೆಯಲ್ಲಿ ತಮ್ಮ ಆಗಮನವನ್ನು ಬಯಸುವ ಬಂಧುಗಳ ದೊಡ್ಡ ಪಟ್ಟಿ. ಮುಂದೆ ಮಾಸ್ತರು ಅದನ್ನು ಓದಿ, ಈ ರಕ್ಕಸನ ತಲೆಯೊಳಗೆ ಹನ್ನೆರಡು ಮದುವೆ ನಡೆಯುತ್ತಿವೆ, ಅದಕ್ಕೇ ಅವನಿಗೆ ಇಷ್ಟು ಸಿಟ್ಟು ಎಂದರು.

ಇದಕ್ಕೂ ಮುಂಚೆ ಅಳತೆಯ ಕೆಲಸ ಆಗಿತ್ತು. ಅದನ್ನು ನಾನು ಬಹಳ ಶಿಸ್ತಿನಿಂದ ಮಾಡಿದ್ದೆ. ಅಪ್ಪನನ್ನು ಬಾಗಿಲ ಬೆಳಕಿಗೆ ಕೂಡಿಸಿ, ದಾರ ಹಿಡಿದು ಹಣೆಯಿಂದ ಹಿಂದಕ್ಕೆ, ಕಿವಿಯಿಂದ ಕಿವಿಗೆ, ಗದ್ದದಿಂದ ನೆತ್ತಿಗೆ ಅಳೆದು, ಪ್ರತಿಯೊಂದನ್ನೂ ಎರಡೆರಡು ಸಲ ಬರೆದುಕೊಂಡೆ. ಪ್ರಯೋಗಶಾಲೆಯಲ್ಲಿ ನಮಗೆ ಕಲಿಸಿದ್ದೇ ಹಾಗೆ. ಅಳತೆಗಳಲ್ಲಿ ಒಂದು ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ. ಅಷ್ಟು ಕರಾರುವಾಕ್ಕಾಗಿ ನಾನು ಅಪ್ಪನ ರುಮಾಲನ್ನು ಅಳೆದಿದ್ದೆ.

ನೀವು ನಗಬಹುದು. ಆದರೆ ನಮ್ಮ ಕಡೆಯವರು ಯಾರಾದರೂ ಓದುತ್ತಿದ್ದರೆ ನಗುವ ಮುಂಚೆ ಒಂದು ಕ್ಷಣ ಯೋಚಿಸುತ್ತಾರೆ. ಅಪ್ಪನಂಥ ಹಿರಿಯರಿಗೆ ರುಮಾಲು ತೆಗೆಯಿರಿ ಎಂದು ನಾವು ಹೇಳುವುದಿಲ್ಲ. ಗಂಡಸು ಬರಿತಲೆಯಲ್ಲಿ ಓಣಿಗೆ ಬಂದರೆ ಮನೆಯಲ್ಲಿ ಏನೋ ಕೆಟ್ಟದ್ದಾಗಿದೆಯೆಂದು ಅರ್ಥ. ನಾನು ಹುಟ್ಟಿದಾಗಿನಿಂದ ಅಪ್ಪನ ತಲೆ ಎಂದು ನೋಡಿದ್ದು ರುಮಾಲನ್ನೇ. ಅದರ ಕೆಳಗೆ ಇನ್ನೊಂದು ತಲೆ ಇರುವುದು ನನ್ನ ವಿಜ್ಞಾನಕ್ಕೆ ಹೊಳೆಯಲೇ ಇಲ್ಲ. ದಾರ ಹಿಡಿದಾಗ ಅಪ್ಪನೂ ಏನೂ ಹೇಳಲಿಲ್ಲ. ಓದಿದ ಮಗಳು, ಅವಳಿಗೆ ಲೆಕ್ಕ ಗೊತ್ತಿರುತ್ತದೆ, ರುಮಾಲಿನ ದಪ್ಪ ಕಳೆದುಕೊಳ್ಳುತ್ತಾಳೆ ಎಂದುಕೊಂಡಿದ್ದನಂತೆ.

ತಪ್ಪು ಗೊತ್ತಾಗುವುದು ಇನ್ನೂ ದೂರವಿತ್ತು. ಸಿಂಧನೂರಿನ ನನ್ನ ಬಾಡಿಗೆ ಮನೆಯ ಮಾಳಿಗೆಯ ಮೇಲೆ ರೆಸಿನ್ನಿನ ಅಧ್ಯಾಯ ಶುರುವಾಯಿತು. ರೆಸಿನ್ನಿಗೆ ಗಟ್ಟಿಕಾರಕ ಬೆರೆಸಿದರೆ ಅದು ಬಿಸಿಯಾಗುತ್ತ ಗಟ್ಟಿಯಾಗುತ್ತದೆ. ಬಿಸಿಯನ್ನು ಹೊರಬಿಡುವ ಇಂಥ ಕ್ರಿಯೆಗೆ ಬಹಿರುಷ್ಣಕ ಎಂದು ಹೆಸರು. ನಾನು ಅದನ್ನು ವರ್ಷಾ ವರ್ಷಾ ಬೋರ್ಡಿನ ಮೇಲೆ ಬರೆಸುತ್ತೇನೆ. ಬೋರ್ಡಿನ ಮೇಲೆ ಬರೆಸುವಾಗ ಅದು ಕೈ ಸುಡುವುದಿಲ್ಲ. ಮಾರ್ಚಿ ತಿಂಗಳ ಮಧ್ಯಾಹ್ನದ ಬಿಸಿಲಲ್ಲಿ ಒಂದು ಮಗ್ಗಿನ ತುಂಬ ರೆಸಿನ್ ಕಲಸಿದೆ. ಬ್ರಷ್ ತರಲು ಕೆಳಗಿಳಿದು ಮೇಲೆ ಬರುವಷ್ಟರಲ್ಲಿ ಮಗ್ಗು ಹೊಗೆಯಾಡುತ್ತ ಸೊಟ್ಟಗಾಗಿ ಕೂತಿತ್ತು, ಒಳಗೆ ಕಲ್ಲುಸಕ್ಕರೆಯಂಥ ಒಂದು ಮುದ್ದೆ. ರಸಾಯನಶಾಸ್ತ್ರ ನನಗೆ ಎರಡನೇ ಸಲ ಕೈಕೊಟ್ಟಿತ್ತು. ಈ ಸಲ ಮರುಪರೀಕ್ಷೆಗೆ ಅರ್ಜಿಯೂ ಇರಲಿಲ್ಲ.

ಗುರುಗಳು ಸಿಕ್ಕಿದ್ದು ಟ್ರ್ಯಾಕ್ಟರು, ಭತ್ತ ಕೊಯ್ಯುವ ಯಂತ್ರಗಳ ತಗ್ಗು ತೆಗೆಯುವ ಗ್ಯಾರೇಜಿನಲ್ಲಿ. ಖಾಜಾ ಮೇಸ್ತ್ರಿ ಎಂದು, ನಲವತ್ತು ವರ್ಷದಿಂದ ಪುಟ್ಟಿ ಮೆತ್ತುತ್ತಿರುವ ಮನುಷ್ಯ. ಶಾಲೆಗೆ ಎಷ್ಟು ಹೋಗಿದ್ದಾರೋ ನಾನು ಕೇಳಲಿಲ್ಲ, ನನ್ನ ಡಿಗ್ರಿಯನ್ನು ಹೇಳಿದೆ. ಅವರು ಬಹಳ ಮರ್ಯಾದೆಯಿಂದ ಕೇಳಿಸಿಕೊಂಡು, ನನ್ನ ಮಗ್ಗನ್ನು ಕೈಯಲ್ಲಿ ತಿರುಗಿಸಿ ನೋಡಿ ಹೇಳಿದರು: "ಟೀಚರಮ್ಮಾರ, ಇದು ಇಲ್ಲಿ ಬ್ಯಾಸಿಗಿ ಧೂಪಕಾಲದಾಗ ಬೆಳಿಗ್ಗೆ ಆರಕ್ಕ ಮಾಡೋ ಕೆಲಸ. ಜರಾ ಜರಾ ಕಲಸ್ರಿ. ಒಂದು ರೊಟ್ಟಿಗೆ ಎಷ್ಟು ಹಿಟ್ಟು ನಾದತೀರಿ, ಅಷ್ಟ. ಊರ ಮಂದಿಗೆಲ್ಲ ಒಮ್ಮೆಗೇ ನಾದಬ್ಯಾಡ್ರಿ."

ಮೂರು ವರ್ಷದ ಕಾಲೇಜಿನಲ್ಲಿ ಯಾರೂ ಹೀಗೆ ಹೇಳಿಕೊಟ್ಟಿರಲಿಲ್ಲ. ಒಂದು ರೊಟ್ಟಿಯ ಲೆಕ್ಕದಲ್ಲಿ ಬೆಳಿಗ್ಗೆ ಆರಕ್ಕೆ ಕಲಸಿದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು ತೆಳ್ಳಗೆ ಬಳಿದೆ. ಕಾಗದ ಕುಡಿಯಿತು, ಒಣಗಿತು, ಬೆರಳಲ್ಲಿ ಬಡಿದರೆ ಸೋರೆಬುರುಡೆಯಂತೆ ಟಣ್ ಎಂದಿತು. ಆಮೇಲೆ ಪುಟ್ಟಿ. ಮಡಿಕೆಯ ಅಂಚುಗಳೆಲ್ಲ ಮುಚ್ಚಿ ಮೈ ನುಣುಪಾಗಬೇಕೆಂಬ ಆಸೆಗೆ ಧಾರಾಳವಾಗಿ ಮೆತ್ತಿದೆ. ಹುಬ್ಬು ಎಬ್ಬಿಸಿದೆ, ಮೂಗು ಉಬ್ಬಿಸಿದೆ. ರಕ್ಕಸ ನನ್ನನ್ನು ನೋಡತೊಡಗಿದ. ಬೂದಿ ಬಣ್ಣದ ಆ ಮುಖವನ್ನು ಮಾಳಿಗೆಯ ಗೋಡೆಯ ಮೇಲಿಟ್ಟು ಚಹಾ ಕುಡಿಯುವಾಗ, ನಮ್ಮ ವಂಶದಲ್ಲಿ ಇಂಥದ್ದು ಮಾಡಿದ ಮೊದಲ ಜೀವವೂ ನಾನೇ ಎಂದು ಲೆಕ್ಕ ಹಾಕಿ ಸಂತೋಷಪಟ್ಟೆ.

ಭಾನುವಾರ ಅದನ್ನು ಸೀರೆಯಲ್ಲಿ ಸುತ್ತಿಕೊಂಡು ಊರಿಗೆ ಹೋದೆ. ಅಪ್ಪ ಕೈಕಾಲು ತೊಳೆದು ಬಂದ. ಮೇಳದ ಪದ್ಧತಿ ಒಂದಿದೆ. ಕಿರೀಟ ತೊಡುವವನು ತನ್ನ ರುಮಾಲು ಬಿಚ್ಚಿ ಪಕ್ಕಕ್ಕಿಟ್ಟು, ತೆಳುವಾದ ಅರಿವೆಯೊಂದನ್ನು ತಲೆಗೆ ಬಿಗಿದು, ಕಿರೀಟಕ್ಕೆ ಕೈಮುಗಿದು ಆಮೇಲೆ ಇಟ್ಟುಕೊಳ್ಳಬೇಕು. ಮನೆಯ ರುಮಾಲಿನ ಮೇಲೆ ಆಟದ ಕಿರೀಟ ಇಡುವಂತಿಲ್ಲ. ಅಪ್ಪ ಗೋಡೆಯ ಕಡೆ ತಿರುಗಿ ರುಮಾಲು ಬಿಚ್ಚಿದ. ನಾನು ದಾರ ಹಿಡಿದು ಅಳೆದದ್ದು ಆ ಬಟ್ಟೆಯನ್ನು ಎಂದು ಆಗ ನನಗೆ ಹೊಳೆಯಿತು. ಶಿರಸ್ತ್ರಾಣ ಅವನ ತಲೆಯ ಮೇಲೆ ಇಳಿಯಿತು, ಇಳಿಯುತ್ತಲೇ ಹೋಯಿತು, ಹೆಗಲ ಮೇಲೆ ಹೋಗಿ ಕೂತಿತು. ದೊಡ್ಡ ಗಡಿಗೆಯನ್ನು ಮಗುಚಿ ಹಾಕಿದಂತಿತ್ತು. ಒಳಗಿನಿಂದ ಅಪ್ಪನ ದನಿ ಬಂತು: "ಚೊಲೊ ಆಗೈತವಾ." ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ. ಮುಖ ಕಾಣದ್ದರಿಂದ ಹೇಳಲು ಅನುಕೂಲವಾಗಿತ್ತು.

ಮಾಸ್ತರ ಗಡುವಿಗೆ ಆರು ದಿನ ಉಳಿದಿತ್ತು. ಮೊದಲಿನಿಂದ ಮಾಡಲು ಆಗುವುದಿಲ್ಲ. ನಾನು ಪಡಸಾಲೆಯ ಕಂಬಕ್ಕೆ ಒರಗಿ ಕೂತೆ. ಇನ್ನೊಮ್ಮೆ ಅಳೆಯುತ್ತೇನೆ ಎಂದು ಹೇಳಲು ನಾಚಿಕೆ. ಅಪ್ಪ ಆಗಲೇ ರುಮಾಲು ಸುತ್ತಿಕೊಂಡು ಕುರಿಗಳ ಕಡೆ ಹೋಗಿದ್ದ, ಬರಿತಲೆಯಲ್ಲಿ ಮಗಳ ಮುಂದೆ ಅವನೆಷ್ಟು ಹೊತ್ತು ನಿಂತಾನು?

ಅವ್ವ ಒಲೆಯ ಮುಂದಿನಿಂದ ಇದನ್ನೆಲ್ಲ ನೋಡುತ್ತಿದ್ದಳು. ನಗುತ್ತಾಳೆ ಎಂದುಕೊಂಡೆ, ನಗಲಿಲ್ಲ. ಹೇಳಿದ್ನೋ ಇಲ್ಲೋ ಎನ್ನುತ್ತಾಳೆ ಎಂದುಕೊಂಡೆ, ಅದನ್ನೂ ಅನ್ನಲಿಲ್ಲ. ಎದ್ದು ಹೋಗಿ ಪಾತ್ರೆಗಳ ಸಾಲಿನಿಂದ ಒಂದು ಸಿಲವಾರದ ಡಬರಿ ತೆಗೆದಳು. ಬೋರಲು ಹಾಕಿದಳು. ಎರಡು ಅಂಗೈಯಿಂದ ಅದರ ಸುತ್ತ ತಬ್ಬಿ ಹಿಡಿದು, ಕಣ್ಣು ಮುಚ್ಚಿ, ಏನೋ ನೆನಪು ಮಾಡಿಕೊಂಡಳು. ಅದನ್ನು ಬಿಟ್ಟು ಪಕ್ಕದ ಸ್ವಲ್ಪ ಸಣ್ಣ ಡಬರಿಯನ್ನು ಹಿಡಿದು ನೋಡಿದಳು.

"ತಗೋ. ನಿಮ್ಮಪ್ಪನ ತಲಿ ಇಷ್ಟು ಐತಿ," ಎಂದಳು. "ನಲವತ್ತು ದೀಪಾವಳಿ ಎಣ್ಣಿ ತಿಕ್ಕೀನಿ. ದಾರಕ್ಕೇನು ಗೊತ್ತಾಗತೈತಿ."

ಡಬರಿಯನ್ನು ಹಿಡಿದುಕೊಂಡು ನಾನು ಬಸ್ಸು ಹತ್ತಿದೆ. ಖಾಜಾ ಮೇಸ್ತ್ರಿ ಸಂಗತಿ ಕೇಳಿ, ಟ್ರ್ಯಾಕ್ಟರಿನ ಬಾನೆಟ್ಟನ್ನೇ ಕಡಿದು ಕೂಡಿಸುತ್ತೇವೆ, ಇದೇನು ದೊಡ್ಡದು ಎಂದರು. ಹಿಂದಲೆಯ ಕಡೆ ನಾಲ್ಕು ಬೆರಳಗಲ ಪಟ್ಟಿ ಕತ್ತರಿಸಿ ತೆಗೆದು, ಎರಡು ಅಂಚನ್ನು ಡಬರಿಗೆ ಸರಿಯಾಗಿ ಬಿಗಿದು, ರೆಸಿನ್ ಅದ್ದಿದ ಅರಿವೆಯಿಂದ ಕೂಡಿಸಿದೆವು. ಆ ಪಟ್ಟಿಯ ಜೊತೆ ಆಗಮನ ಬಯಸಿದ ಬಂಧುಗಳಲ್ಲಿ ಅರ್ಧ ಜನ ಹೋದರು. ಸೇರಿಸಿದ ಜಾಗಕ್ಕೆ ಮತ್ತೆ ಪುಟ್ಟಿ. ಒಣಗಿದ ಮೇಲೆ ಪಕ್ಕದ ತರಕಾರಿ ಅಂಗಡಿಯ ತಕ್ಕಡಿಯಲ್ಲಿಟ್ಟರೆ ಅವ್ವನ ಸೇರನ್ನು ಎಷ್ಟೋ ದಾಟಿತ್ತು. ಪುಟ್ಟಿ ಮಣ್ಣಿನಂಥದ್ದು, ನುಣುಪು ಕೊಡುತ್ತದೆ, ಭಾರವನ್ನೂ ಕೊಡುತ್ತದೆ. ಕಾಗದ ಹಗುರಾಗಿಯೇ ಇತ್ತು. ಭಾರವೆಲ್ಲ ನನ್ನ ಧಾರಾಳತನದ್ದು.

ಇನ್ನು ಉಳಿದದ್ದು ಉಜ್ಜುವುದು. ಉಪ್ಪುಕಾಗದ ಹಿಡಿದು ನಾಲ್ಕು ದಿನ ಬೆಳಿಗ್ಗೆ, ಸಂಜೆ ಶಾಲೆ ಬಿಟ್ಟ ಮೇಲೆ ಉಜ್ಜಿದೆ. ಹಚ್ಚಿದ್ದನ್ನೆಲ್ಲ ತೆಗೆಯುವ ಕೆಲಸ. ಮೊದಲ ದಿನ ಸಿಟ್ಟು ಬಂತು, ಎರಡನೇ ದಿನ ಬೇಸರ, ಮೂರನೇ ದಿನ ಏನೂ ಬರಲಿಲ್ಲ, ಕೈ ತಾನೇ ಹೋಗುತ್ತಿತ್ತು. ಓದಿದವರಿಗೆ ಈ ಕೆಲಸ ಒಳ್ಳೆಯದು ಎಂದು ಆಗ ಅನಿಸಿತು. ನಾವು ಜೀವಮಾನವೆಲ್ಲ ಮೆತ್ತಿಕೊಳ್ಳುತ್ತಲೇ ಇರುತ್ತೇವೆ, ಎಷ್ಟು ತೆಗೆದರೂ ಆಕಾರ ಉಳಿಯುತ್ತದೆ ಎಂಬ ಧೈರ್ಯ ಇರುವುದಿಲ್ಲ. ನಾಲ್ಕನೇ ಸಂಜೆ ತರಕಾರಿಯವಳು ತೂಗಿ, ಇದು ಒಂದು ಸಣ್ಣ ಕುಂಬಳಕಾಯಿಯಷ್ಟೂ ಇಲ್ಲ ಎಂದು ನಿರಾಶೆಯಿಂದ ಹೇಳಿದಳು. ಅಷ್ಟು ಒಳ್ಳೆಯ ಸುದ್ದಿ ನನಗೆ ಬಿ.ಎಸ್ಸಿ. ಫಲಿತಾಂಶದ ದಿನದ ನಂತರ ಬಂದಿರಲಿಲ್ಲ. ಆ ಸಂಜೆಯೇ ಕೆಂಪು, ಕಪ್ಪು, ಬಂಗಾರದ ಬಣ್ಣ ಹೊಡೆದೆ.

ಮರುದಿನ ಲಿಂಗಸುಗೂರಿಗೆ. ಅಪ್ಪ, ಅವ್ವ ಸಂತೆಕಲ್ಲೂರಿನಿಂದ ನೇರವಾಗಿ ಆಸ್ಪತ್ರೆಗೇ ಬಂದಿದ್ದರು. ಅವ್ವನ ಕೈಯಲ್ಲಿ ಒಂದು ಸಣ್ಣ ಚೀಲ. ಡಾಕ್ಟರ ಬಾಗಿಲ ಮುಂದಿನ ಬೆಂಚಿನ ಮೇಲೆ ಅವಳು ಚೀಲವನ್ನು ಎಡಗೈಯಲ್ಲೂ ನನ್ನ ರಕ್ಕಸನನ್ನು ಬಲಗೈಯಲ್ಲೂ ಹಿಡಿದು, ಕಣ್ಣು ಮುಚ್ಚಿ ತೂಗಿದಳು. ಚೀಲದಲ್ಲಿದ್ದದ್ದು ಮನೆಯಿಂದ ಅಳೆದು ತಂದ ಒಂದು ಸೇರು ಜೋಳ. ತರಕಾರಿ ಅಂಗಡಿಯ ತಕ್ಕಡಿಯನ್ನು ಅವಳು ನಂಬಿರಲಿಲ್ಲ. ಸರದಿಯಲ್ಲಿ ಕೂತ ರೋಗಿಗಳೆಲ್ಲ ತಮ್ಮ ತಮ್ಮ ನೋವು ಮರೆತು ಅವಳ ಎರಡು ಕೈಗಳನ್ನು ನೋಡಿದರು. ಜೋಳದ ಕೈ ಕೆಳಗಿಳಿಯಿತು. ಅವಳು ಚೀಲವನ್ನು ಮಡಿಲಲ್ಲಿಟ್ಟುಕೊಂಡಳು.

ಡಾಕ್ಟರು ಶಿರಸ್ತ್ರಾಣವನ್ನು ತಿರುಗಿಸಿ ನೋಡಿ, ಒಳಗಿನ ಲಗ್ನಪತ್ರಿಕೆಗಳನ್ನು ಓದಿ, ಬಾಗಿಲು ಹಾಕಿಸಿ, ತಮ್ಮ ತಲೆಗೇ ಇಟ್ಟುಕೊಂಡು ಕೈತೊಳೆಯುವ ಜಾಗದ ಕನ್ನಡಿಯಲ್ಲಿ ನೋಡಿಕೊಂಡರು. ತೆಗೆಯಲು ಸ್ವಲ್ಪ ತಡ ಮಾಡಿದರು ಎಂದೇ ನನಗನಿಸಿತು. ಆಮೇಲೆ ಗೋಡೆಯ ಕಡೆ ಮುಖ ಮಾಡಿಸಿ ಅಪ್ಪನಿಗೆ ತೊಡಿಸಿದರು. ಕುತ್ತಿಗೆಯನ್ನು ಬೆರಳಿಂದ ಒತ್ತಿ ಎಡಕ್ಕೆ, ಬಲಕ್ಕೆ ತಿರುಗಿಸಿದರು. ಒಂದು ತಾಸಿನ ಆಟಕ್ಕೆ ಅಡ್ಡಿಯಿಲ್ಲ, ಜಿಗಿಯುವುದು ಬೇಡ, ನಡುವೆ ನೋವಾದರೆ ತೆಗೆದಿಡಬೇಕು ಎಂದರು. ನಾನು ಅವ್ವನ ಮುಖ ನೋಡಿದೆ. ಅವಳು ಡಾಕ್ಟರ ಮುಖ ನೋಡುತ್ತಿದ್ದಳು. ಎರಡು ಷರತ್ತೂ ಮುಗಿದಿದ್ದವು. ಅವಳು ಮಾತ್ರ ಇನ್ನೂ ನೋಡುತ್ತಲೇ ಇದ್ದಳು. "ನಾನೂ ಮಸ್ಕಿಗೆ ಬರ್ತೀನಿ," ಎಂದಳು. ಅಷ್ಟೇ.

ಗಡುವು ಮುಗಿಯುವ ಮುಂಚೆ ತಲೆ ಮಾಸ್ತರ ಕೈ ಸೇರಿತು, ಪಾತ್ರ ಅಪ್ಪನದೇ ಉಳಿಯಿತು. ಮಸ್ಕಿಯಲ್ಲಿ ಅವಳು ಬಂದು ಕೂತದ್ದು ಆಟ ನೋಡಲಿಕ್ಕಲ್ಲ, ಒಂದು ಕುತ್ತಿಗೆಯನ್ನು ಕಾಯಲಿಕ್ಕೆ. ಹೆಂಗಸರ ಸಾಲಿನಲ್ಲಿ ಮುಂದೆ ಜಾಗವಿದ್ದರೂ ತೀರ ಹಿಂದೆ, ಎದ್ದು ಓಡಿಹೋಗಲು ದಾರಿ ಇರುವ ಕಡೆ ಕೂತಳು. ಬಿಸಿಲು ಇಳಿಯುತ್ತಿತ್ತು. ಮದ್ದಳೆ ಏರಿತು, ಪರದೆಯ ಹಿಂದಿನಿಂದ ಆ ಅಬ್ಬರ ಕೇಳಿತು. ಮೂವತ್ತೆಂಟು ವರ್ಷದ ನಾನು, ಹೈಸ್ಕೂಲಿನ ಟೀಚರು, ಪಕ್ಕದಲ್ಲಿದ್ದ ಅವ್ವನ ಸೆರಗು ಹಿಡಿದೆ. ಪರದೆ ಸರಿಯಿತು. ಕೆಂಪು ಬಂಗಾರದ ರಕ್ಕಸ ನಿಂತಿದ್ದ. ಅದರಲ್ಲಿ ಎಲ್ಲೂ ಕಾಗದ ಕಾಣಲಿಲ್ಲ, ಲಗ್ನಪತ್ರಿಕೆ ಕಾಣಲಿಲ್ಲ, ನಾನು ಕಾಣಲಿಲ್ಲ. ಅವನು ಜಿಗಿಯಲಿಲ್ಲ, ಡಾಕ್ಟರ ಮಾತು ನಡೆಸಿದ. ಆದರೆ ಹಾಡಿನ ನಡುವೆ ಒಂದು ಕಡೆ ಎದುರಾಳಿಯನ್ನು ಹುಡುಕುವ ಜಾಗ ಬರುತ್ತದೆ. ಅಲ್ಲಿ ಅವನು ಮೈ ಅಲ್ಲಾಡಿಸದೆ ಬರೀ ತಲೆಯನ್ನು ನಿಧಾನವಾಗಿ ಎಡಕ್ಕೆ ತಿರುಗಿಸಿದ, ಆಮೇಲೆ ಅಷ್ಟೇ ನಿಧಾನವಾಗಿ ಬಲಕ್ಕೆ. ಮಂದಿ ಚಪ್ಪಾಳೆ ಹೊಡೆದರು. ಅವ್ವ ನನ್ನ ಮುಂಗೈಯನ್ನು ಹಿಡಿದಿದ್ದಳು. ಅವಳ ಹಿಡಿತ ಸಡಿಲಾದದ್ದು ಆಗಲೇ.

ಆಟ ಮುಗಿದ ಮೇಲೆ ಕಲಾವಿದರಿಗೆ ಪ್ರಮಾಣಪತ್ರ ಕೊಡುವ ಕಾರ್ಯಕ್ರಮ. ಉಳಿದವರು ಕಿರೀಟ ಕಳಚಿಟ್ಟು, ಬೆವರು ಒರೆಸಿಕೊಂಡು, ಕೂದಲು ತೀಡಿಕೊಂಡು ಬಂದರು. ಅಪ್ಪ ಮಾತ್ರ ಶಿರಸ್ತ್ರಾಣದಲ್ಲೇ ಬಂದ. ತೆಗೆದರೆ ಬರಿತಲೆ, ರುಮಾಲು ಎಲ್ಲೋ ಬಣ್ಣದ ಕೋಣೆಯಲ್ಲಿ ಉಳಿದಿತ್ತು, ಅಷ್ಟು ಜನರ ಮುಂದೆ ಅವನು ಬರಿತಲೆಯಲ್ಲಿ ನಿಲ್ಲುವವನಲ್ಲ. ವೇದಿಕೆಯ ಮೇಲಿದ್ದ ದೊಡ್ಡವರು ನಗುತ್ತ ರಕ್ಕಸನ ಕೈಗೆ ಕಾಗದ ಕೊಟ್ಟರು. ನಮ್ಮ ಮನೆಗೆ ಅಲ್ಲಿಯವರೆಗೆ ಬಂದ ಪ್ರಮಾಣಪತ್ರಗಳೆಲ್ಲ ನನ್ನ ಹೆಸರಿನವು. ಅಪ್ಪನ ಹೆಸರು ಅವುಗಳಲ್ಲಿ ಎರಡನೇ ಸಾಲಿನಲ್ಲಿ, ಇಂಥವರ ಮಗಳು ಎಂದಷ್ಟೇ ಇರುತ್ತಿತ್ತು.

ಅವನು ಮೆಟ್ಟಿಲಿಳಿದು, ಜನರ ನಡುವೆ ದಾರಿ ಮಾಡಿಕೊಂಡು, ಹಿಂದಿನ ಸಾಲಿನವರೆಗೆ ಬಂದ. ಅದನ್ನು ನನಗೆ ಕೊಡುತ್ತಾನೆಂದು ನಾನು ಕೈ ಚಾಚಿದ್ದೆ. ಅವನು ಅವ್ವನ ಮುಂದೆ ಹಿಡಿದ. ಅವಳು ಸೆರಗಿಗೆ ಕೈ ಒರೆಸಿಕೊಂಡು ಎರಡೂ ಕೈಯಿಂದ ತೆಗೆದುಕೊಂಡಳು. ಕಾಗದ ನೋಡಲಿಲ್ಲ. ಕೆಂಪು ಹುಬ್ಬು, ಬಂಗಾರದ ಮೂಗು, ಕಣ್ಣಿನ ಎರಡು ಸೀಳು, ಅದನ್ನೇ ಬಹಳ ಹೊತ್ತು ನೋಡಿ ನನ್ನ ಕಡೆ ತಿರುಗಿದಳು.

"ಮುಂದಿನ ವರ್ಷದ್ದು ಮಾರಿ ಕಾಣೋ ಹಂಗ ಮಾಡವಾ," ಎಂದಳು. "ಇಷ್ಟು ದೂರ ಬಂದೀನಿ, ಸರ್ಟಿಫಿಕೇಟ್ ತಗೊಳ್ಳುವಾಗರ ಇವನ ಮಾರಿ ನೋಡಬೇಕಂದ್ರ ನೋಡಾಕ ಸಿಗಲಿಲ್ಲ."